ಕೆಲಸದಲ್ಲಿ ತಲೆಗೆ, ಮುಖಕ್ಕೆ ಪೆಟ್ಟಾದ್ರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರು, ಉಡುಪಿ ಕಡೆ ಸೈಟುಗಳಲ್ಲಿ ಸೇಫ್ಟಿ ನೋಡ್ಕೊಳ್ಳುವವ. ಮೊದ್ಲು ಬೈಕಂಪಾಡಿಯ ಒಂದು ಫ್ಯಾಬ್ರಿಕೇಶನ್ ಶಾಪಲ್ಲಿ ಹೆಲ್ಪರ್, ಆಮೇಲೆ 9 ವರ್ಷ ಗಲ್ಫು, ಈಗ ಪುನಃ ಊರು. ಟ್ರೈನಿಂಗಿಗೆ ಹೋದಲ್ಲೆಲ್ಲ ಸ್ಲೈಡು ತೋರಿಸುವಾಗ ಯಾರೂ ಬಾಯಿ ಬಿಡುದಿಲ್ಲ, ಚಾಕ್ಕೆ ಬಿಟ್ಟಾಗ ಮೆಲ್ಲ ಹತ್ರ ಬಂದು ಕೇಳ್ತಾರೆ. ಆ ಚಾದ ಹೊತ್ತಿನ ಪ್ರಶ್ನೆಗಳೇ ಇವು. ನಾನು ಡಾಕ್ಟರಲ್ಲ, ಆಸ್ಪತ್ರೆಗೆ ಮುಟ್ಟುವವರೆಗೆ ಎಂತ ಮಾಡ್ಬೇಕು ಅಷ್ಟು ಮಾತ್ರ ಹೇಳ್ತೇನೆ.

ಇಂಥ ಪೆಟ್ಟೆಲ್ಲ ಆಗುದು ದೊಡ್ಡ ದೊಡ್ಡ ಕಂಪೆನಿಲಿ ಅಲ್ವಾ? ನಮ್ಮದು ಸಣ್ಣ ಕೆಲಸ.

ನಾನು ನೋಡಿದ ಮಟ್ಟಿಗೆ ಉಲ್ಟಾ. ದೊಡ್ಡ ಜಾಗದಲ್ಲಿ ಹೆಲ್ಮೆಟ್ ಇಲ್ಲಾಂದ್ರೆ ಗೇಟಲ್ಲೇ ನಿಲ್ಲಿಸ್ತಾರೆ. ಹೆಂಚು ಸರಿ ಮಾಡ್ಲಿಕ್ಕೆ ಮಾಡಿಗೆ ಹತ್ತುವವನನ್ನ, ತೋಟದಲ್ಲಿ ಮದ್ದು ಬಿಡುವವನನ್ನ, ಹೋಟೆಲ್ ಅಡಿಗೆಮನೆಯವನನ್ನ, ಪಂಕ್ಚರ್ ಅಂಗಡಿ ಹುಡುಗನನ್ನ ನಿಲ್ಲಿಸ್ಲಿಕ್ಕೆ ಗೇಟೂ ಇಲ್ಲ, ಕೇಳುವವ್ರೂ ಇಲ್ಲ. ಮತ್ತೆ ಇನ್ನೊಂದು, ಪೆಟ್ಟಾದವರನ್ನ ಕೂತ್ಕೊಂಡು ಕೇಳಿದ್ರೆ ಹತ್ತರಲ್ಲಿ ಎಂಟು ಜನ ಒಂದೇ ಮಾತು ಹೇಳುದು, "ಒಂದು ನಿಮಿಷದ ಕೆಲಸ ಆಗಿತ್ತು ಸರ್". ತುಳುವಲ್ಲಾದ್ರೆ "ಒಂಜಿ ನಿಮಿಷದ ಬೇಲೆ ಮಾರಾಯ್ರೆ". ದಿನವಿಡೀ ಮಾಡುವ ಕೆಲಸಕ್ಕೆ ಎಲ್ಲರೂ ತಯಾರಿ ಮಾಡ್ತಾರೆ, ಈ ಒಂದು ನಿಮಿಷದ್ದಕ್ಕೆ ಏಣಿ ಸರಿಯಾಗಿ ಇಡುದಿಲ್ಲ, ಕನ್ನಡಕ ಹಾಕುದಿಲ್ಲ, ಸ್ವಿಚ್ ಆಫ್ ಮಾಡುದಿಲ್ಲ.

ಮಳೆಗೆ ಮುಂಚೆ ಶೀಟು ಬದಲಿಸ್ಲಿಕ್ಕೆ ಹತ್ತುದು, ಅದ್ರಲ್ಲಿ ಎಂತ ಅಷ್ಟು ರಿಸ್ಕು?

ಪತ್ತನಾಜೆ (ಮೇ ಕೊನೆಗೆ, ಮಳೆಗಾಲಕ್ಕೆ ಮುಂಚೆ ಬರುವ ತುಳುನಾಡಿನ ದಿನ) ಹತ್ರ ಬಂತೂಂತ ಹೇಳಿದ್ರೆ ನಮ್ಮಲ್ಲಿ ಎಲ್ಲರಿಗೂ ಒಟ್ಟಿಗೆ ಮಾಡಿನ ನೆನಪಾಗುದು. ಹಳೇ ಸಿಮೆಂಟ್ ಶೀಟು ನೋಡ್ಲಿಕ್ಕೆ ಗಟ್ಟಿ ಕಾಣ್ತದೆ, ಬಿಸಿಲು ಮಳೆ ತಿಂದು ತಿಂದು ಒಳಗಿಂದ ಬಿಸ್ಕೆಟಿನ ಹಾಗೆ ಆಗಿರ್ತದೆ, ಕಾಲಿಟ್ರೆ ಬಿರುಕು ಬಿಡುವ ಸದ್ದು ಕೂಡ ಬರುದಿಲ್ಲ, ಸೀದಾ ಕೆಳಗೆ. ಇನ್ನೂ ಮೋಸದ್ದು ಯಾವುದಂದ್ರೆ ಬೆಳಕಿಗೇಂತ ಮಧ್ಯೆ ಹಾಕಿದ ಪ್ಲಾಸ್ಟಿಕ್ ಶೀಟು, ಅದ್ರ ಮೇಲೆ ಧೂಳು ಪಾಚಿ ಕೂತು ಬೇರೆ ಶೀಟಿನದ್ದೇ ಬಣ್ಣ ಬಂದಿರ್ತದೆ, ಯಾವುದು ಯಾವುದೂಂತ ಗೊತ್ತೇ ಆಗುದಿಲ್ಲ.

ಬೋಲ್ಟಿನ ಲೈನ್ ಹಿಡ್ಕೊಂಡು ನಡೀರಿ ಅಂತ ಹಳೇ ಮೇಸ್ತ್ರಿಗಳು ಹೇಳ್ತಾರೆ, ಅಡಿಲಿ ಪಟ್ಟಿ ಇರ್ತದೆ ಅಂತ. ಸರಿಯೇ, ಆದ್ರೆ ಕಾಲು ನಾಲ್ಕು ಇಂಚು ಜಾರಿದ್ರೆ ಮುಗೀತಲ್ಲ. ಎರಡು ಮೂರು ಪಟ್ಟಿ ಮೇಲೆ ಕೂರುವಷ್ಟು ಉದ್ದದ ಹಲಗೆ ಹಾಕಿ ಅದ್ರ ಮೇಲೆಯೇ ನಡೀಬೇಕು, ಸೊಂಟಕ್ಕಲ್ಲ ಇಡೀ ಮೈಗೆ ಹಾಕುವ ಬೆಲ್ಟು ಬೇಕು, ಅದನ್ನ ಕಟ್ಲಿಕ್ಕೆ ಗಟ್ಟಿ ಜಾಗ ಬೇಕು. ಹೆಲ್ಮೆಟಿನ ಗಲ್ಲದ ಪಟ್ಟಿ ಹಾಕಿಲ್ಲಾಂದ್ರೆ ನೀವು ನೆಲ ಮುಟ್ಟುವ ಮೊದ್ಲೇ ಹೆಲ್ಮೆಟ್ ತಲೆ ಬಿಟ್ಟು ಹೋಗಿರ್ತದೆ.

ತೆಂಗಿನಕಾಯಿ ತಲೆಗೆ ಬೀಳುದಿಲ್ಲ, ಅದಕ್ಕೆ ಕಣ್ಣುಂಟು ಅಂತಾರಲ್ಲ?

ಕಣ್ಣುಂಟು, ಬ್ರೇಕಿಲ್ಲ. 20 ಮೀಟರ್ ಎತ್ತರದ ಮರದಿಂದ ಬಿದ್ದ ಕಾಯಿ ನೆಲ ಮುಟ್ಲಿಕ್ಕೆ ತಗೊಳ್ಳುದು ಬರೀ 2 ಸೆಕೆಂಡು, ಅಷ್ಟೊತ್ತಿಗೆ ಅದ್ರ ಸ್ಪೀಡು ಗಂಟೆಗೆ 70 ಕಿಲೋಮೀಟರ್ ಹತ್ರ ಇರ್ತದೆ. ಸಿಪ್ಪೆ ಸಮೇತ ಒಂದು ಕಿಲೋ ಮೇಲೆ ತೂಕ. ಕಾಯಿ ತೆಗೆಸುವಾಗ ಹೆಕ್ಲಿಕ್ಕೆ ಬಂದವ್ರು ಬುಡದಲ್ಲಿ ನಿಲ್ಬಾರದು, ಮೇಲಿದ್ದವ "ಆಯ್ತು" ಹೇಳುವವರೆಗೆ ದೂರ ಇರ್ಬೇಕು, ಹೆಲ್ಮೆಟ್ ಉಂಟೂಂತ ಧೈರ್ಯ ಮಾಡ್ಲಿಕ್ಕಿಲ್ಲ. ಇದೇ ಲೆಕ್ಕ ಸ್ಕ್ಯಾಫೋಲ್ಡಿಂಗಿಗೂ. ಮೂರನೇ ಮಾಳಿಗೆಯಿಂದ ಬಿದ್ದ ಸ್ಪ್ಯಾನರು 10 ಮೀಟರಲ್ಲೇ ಗಂಟೆಗೆ 50 ಕಿಲೋಮೀಟರ್ ಆಗಿರ್ತದೆ. ಅದಕ್ಕೇ ಟೂಲಿಗೆ ಹಗ್ಗ ಕಟ್ಟಿ, ಹಲಗೆಯ ಅಂಚಿಗೆ ಅಡ್ಡಪಟ್ಟಿ ಹಾಕಿ ಅಂತ ನಾವು ಕಿರಿಕಿರಿ ಮಾಡುದು.

ಕಬ್ಬಿಣ ಕೊಯ್ಯುವ ಗ್ರೈಂಡರಿನ ಗಾರ್ಡ್ (ಡಿಸ್ಕಿನ ಮುಚ್ಚಳ) ತೆಗೆದ್ರೆ ಎಂತಾಗ್ತದೆ? ಎಲ್ಲರೂ ತೆಗೀತಾರೆ.

ಹೌದು ಎಲ್ಲರೂ ತೆಗೀತಾರೆ, ನಾನೂ ತೆಗ್ದಿದ್ದೆ. ನನ್ನ ಎಡ ಹುಬ್ಬಿನಿಂದ ಕೆನ್ನೆವರೆಗೆ ಒಂದು ಗೆರೆ ಉಂಟು, 11 ಹೊಲಿಗೆ. ಗೇಟಿನ ಒಂದು ಸಣ್ಣ ರಾಡು ಬಾಕಿ ಇತ್ತು, ಮಾರ್ಕು ಸರಿ ಕಾಣುದಿಲ್ಲಾಂತ ಮುಖದ ಶೀಲ್ಡು ಮೇಲೆತ್ತಿದ್ದೆ, ಗಾರ್ಡು ಹೇಗೂ ಇರ್ಲಿಲ್ಲ. ಡಿಸ್ಕು ಸಿಕ್ಕಿ ಒಡ್ದು ತುಂಡು ಮುಖಕ್ಕೆ ಬಂತು. ಕಣ್ಣು ಉಳ್ದದ್ದು ನನ್ನ ಬುದ್ಧಿಯಿಂದಲ್ಲ, ಅರ್ಧ ಇಂಚಿನ ಅದೃಷ್ಟದಿಂದ. ಮಾಲಕರು ಆಸ್ಪತ್ರೆ ಬಿಲ್ಲು ಕೊಟ್ರು, ಮರುದಿನ ಶಾಪಿಗೆ ಹೋಗಿ ನೋಡಿದ್ರೆ ಅದೇ ಮೆಷಿನು, ಅದೇ ಗಾರ್ಡಿಲ್ಲದ್ದು, ಬೇರೆ ಹುಡುಗನ ಕೈಯಲ್ಲಿ.

4 ಇಂಚಿನ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ತಿರುಗ್ತದೆ ಅಂತ ಇಟ್ಕೊಳ್ಳಿ, ಆಗ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರಿಗಿಂತ ಜಾಸ್ತಿ ಸ್ಪೀಡಲ್ಲಿರ್ತದೆ. ಗಾರ್ಡ್ ತೆಗೆಯುದು ಯಾಕೆ? ಸವೆದ 5 ಇಂಚಿನ ಡಿಸ್ಕು ಬಿಸಾಡ್ಲಿಕ್ಕೆ ಮನಸ್ಸಿಲ್ಲ, ಅದನ್ನ 4 ಇಂಚಿನ ಮೆಷಿನಿಗೆ ಹಾಕ್ಲಿಕ್ಕೆ. ಡಿಸ್ಕಿನ ಮೇಲೆ ಅದು ತಡೆಯುವ ಸ್ಪೀಡು ಪ್ರಿಂಟ್ ಆಗಿರ್ತದೆ, ಮೆಷಿನಿನ ಸ್ಪೀಡು ಅದಕ್ಕಿಂತ ಜಾಸ್ತಿ ಇರ್ಬಾರದು. ಮಧ್ಯದ ಲೋಹದ ಬಳೆಯಲ್ಲಿ ಎಕ್ಸ್‌ಪೈರಿ ತಾರೀಕು ಕೂಡ ಇರ್ತದೆ, ನಮ್ಮ ಕರಾವಳಿಯ ತೇವಕ್ಕೆ ಡಿಸ್ಕಿನ ಅಂಟು ಬೇಗ ಹಾಳಾಗ್ತದೆ, ನೆಲದಲ್ಲಿ ಬಿಸಾಡಿ ಇಡ್ಬೇಡಿ. ಕಟ್ಟಿಂಗ್ ಡಿಸ್ಕಿನ ಬದಿಯಿಂದ ಉಜ್ಜಬೇಡಿ. ಮರ ಕೊಯ್ಯುವ ಹಲ್ಲಿನ ಬ್ಲೇಡು ಗ್ರೈಂಡರಿಗೆ ಹಾಕುವವ್ರುಂಟು, ಅದು ಸಿಕ್ಕಿದ್ರೆ ಮೆಷಿನ್ ಸೀದಾ ಕುತ್ತಿಗೆಗೆ, ಮುಖಕ್ಕೆ ಹಾರ್ತದೆ, ಅದನ್ನಂತೂ ಕಣ್ಣಲ್ಲಿ ನೋಡ್ಲಿಕ್ಕಾಗುದಿಲ್ಲ ಮಾರಾಯ್ರೆ.

ಶೀಲ್ಡು ಹಾಕಿದ್ರೂ ಅಡಿಯಲ್ಲಿ ಕನ್ನಡಕ ಬೇಕು. ಶೀಲ್ಡು ಎತ್ತುದು ಯಾವಾಗ? ಆ ಒಂದು ನಿಮಿಷಕ್ಕೆ.

ಬೈಕಿನ ಹೆಲ್ಮೆಟ್ ಉಂಟು, ಸೈಟಿಗೆ ಅದೇ ಸಾಕಲ್ಲ?

ಸಾಲದು. ಬೈಕಿನದ್ದು ಐಎಸ್ (ಭಾರತೀಯ ಮಾನದಂಡ) 4151, ಸೈಟಿನದ್ದು ಐಎಸ್ 2925, ಎರಡೂ ಬೇರೆ ಬೇರೆ ಲೆಕ್ಕಕ್ಕೆ ಮಾಡಿದ್ದು. ಬೈಕಿನದ್ದು ತಲೆ ಹೋಗಿ ರಸ್ತೆಗೆ ಬಡಿಯುವಾಗ ಒಳಗಿನ ಥರ್ಮಾಕೋಲು ಜಜ್ಜಿ ಹೋಗಿ ಕಾಪಾಡುವಂಥದ್ದು. ಸೈಟಿನದ್ದರಲ್ಲಿ ಮೇಲಿಂದ ಬಿದ್ದ ಪೆಟ್ಟನ್ನ ಒಳಗಿನ ಪಟ್ಟಿಗಳ ಜಾಲ ಹಂಚಿಕೊಳ್ತದೆ, ಅದಕ್ಕೇ ಚಿಪ್ಪಿಗೂ ತಲೆಗೂ ಮಧ್ಯೆ ಜಾಗ ಬಿಟ್ಟಿರುದು. ಆ ಜಾಗದಲ್ಲಿ ಬೀಡಿ ಕಟ್ಟು, ಬೆಂಕಿಪೆಟ್ಟಿಗೆ, ಮೊಬೈಲು ಇಡುವವ್ರನ್ನ ದಿನಾ ನೋಡ್ತೇನೆ, ಪೆಟ್ಟು ಬಿದ್ರೆ ಅದೇ ತಲೆಗೆ ಇಳೀತದೆ. ಬೈಕಿನದ್ದು ಹಾಕಿದ್ರೆ ಕ್ರೇನಿನ ಸದ್ದೂ ಕೇಳುದಿಲ್ಲ, ಮೇಲೆ ನೋಡ್ಲಿಕ್ಕೂ ಆಗುದಿಲ್ಲ.

ತಗೊಳ್ಳುವಾಗ ಐಎಸ್‌ಐ ಮಾರ್ಕು ನೋಡಿ, ಒಳಗೆ ಅಚ್ಚಾದ ವರ್ಷ ತಿಂಗಳು ನೋಡಿ. ಎರಡು ಬದಿ ಒತ್ತಿದಾಗ ಚಟಚಟ ಸದ್ದು ಬಂದ್ರೆ, ಬಣ್ಣ ಮಾಸಿ ಸುಣ್ಣದ ಹಾಗೆ ಪುಡಿ ಬಂದ್ರೆ ಪ್ಲಾಸ್ಟಿಕ್ಕು ಸತ್ತಿದೇಂತ ಅರ್ಥ. ಪೇಂಟು, ಥಿನ್ನರು ತಾಗಿಸ್ಬೇಡಿ. ಒಂದು ಸಲ ಜೋರು ಪೆಟ್ಟು ಬಿದ್ದದ್ದು, ಬಿರುಕು ಕಾಣದಿದ್ರೂ, ಮತ್ತೆ ಹಾಕ್ಲಿಕ್ಕಿಲ್ಲ.

ಸೆಕೆಗೆ ಹಾಕ್ಲಿಕ್ಕೇ ಆಗುದಿಲ್ಲ ಸರ್.

ಆಗುದಿಲ್ಲ, ಒಪ್ಕೊಳ್ತೇನೆ. ಎಪ್ರಿಲಲ್ಲಿ ನಾನೇ ತೆಗ್ದು ಗಾಳಿ ಹಾಕ್ಕೊಳ್ತೇನೆ. ಆದ್ರೆ ತೆಗೆಯುದು ನೆರಳಿಗೆ ಬಂದ ಮೇಲೆ, ಮೇಲೆ ಯಾರೂ ಕೆಲಸ ಮಾಡದ ಜಾಗದಲ್ಲಿ. ತೂತಿರುವ ಮಾಡೆಲು ಸಿಗ್ತದೆ, ಹಣೆಯ ಬೆವರುಪಟ್ಟಿ ಬದಲಿಸ್ಲಿಕ್ಕೂ ಸಿಗ್ತದೆ.

ಮೀನಿನ ಬೋಟಲ್ಲಿ ಯಾರು ಹೆಲ್ಮೆಟ್ ಹಾಕ್ತಾರೆ?

ಯಾರೂ ಹಾಕುದಿಲ್ಲ, ಅದೇ ಸಮಸ್ಯೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ, ಮಲ್ಪೆಲಿ, ಮಂಗಳೂರು ಧಕ್ಕೆಲಿ ಕಟ್ಟಿ ಹಾಕಿದ ಬೋಟಿನ ವಿಂಚಿನ (ಬಲೆ ಎಳೆಯುವ ಮೆಷಿನಿನ) ರೋಪು ಉಪ್ಪು ಗಾಳಿ, ಮಳೆ ತಿಂದು ಒಳಗಿಂದ ತುಕ್ಕು ಹಿಡಿದಿರ್ತದೆ, ಹೊರಗೆ ಗ್ರೀಸು ಹಚ್ಚಿ ಚಂದ ಕಾಣ್ತದೆ. ಆಗಸ್ಟಲ್ಲಿ ಸೀದಾ ಸಮುದ್ರಕ್ಕೆ. ಬಲೆ ಅಡಿಯ ಕಲ್ಲಿಗೆ ಸಿಕ್ಕಿದ್ರೆ ರೋಪು ಬಿಗೀತದೆ, ತುಂಡಾದ್ರೆ ಅದು ಚಾಟಿಯ ಹಾಗೆ ವಾಪಸ್ ಬರ್ತದೆ, ಎದ್ರಿದ್ದವನ ಮುಖವೋ ತಲೆಯೋ. ರೋಪು ಎಳೆಯುವ ನೇರಕ್ಕೆ, ರಾಟೆಯಲ್ಲಿ ಅದು ತಿರುಗುವ ಮೂಲೆಗೆ ನಿಲ್ಬಾರದು ಅಂತ ಹೊಸ ಕಲಾಸಿಗಳಿಗೆ (ಬೋಟಿನ ಕೆಲಸದವ್ರಿಗೆ) ತಂಡೇಲರು (ಬೋಟು ನಡೆಸುವವ್ರು) ಮೊದಲ ದಿನವೇ ಹೇಳ್ಬೇಕು. ರೋಪಿನ ಎಳೆ ಮುರಿದು ಮುಳ್ಳಿನ ಹಾಗೆ ಎದ್ದಿದ್ರೆ ಬದಲಿಸುವ ಕಾಲ ಬಂತೂಂತ ಲೆಕ್ಕ.

ತಲೆಗೆ ಪೆಟ್ಟಾದವನನ್ನ ಟ್ರಿಪ್ಪು ಮುಗಿಯುವವರೆಗೆ ಒಳಗೆ ಮಲಗಿಸಿ ಇಡುದು ದೊಡ್ಡ ತಪ್ಪು. ಕೋಸ್ಟ್ ಗಾರ್ಡಿನ ನಂಬರು 1554, ವೈರ್ಲೆಸ್ಸಲ್ಲಿ ಹತ್ರದ ಬೋಟಿಗೂ ಹೇಳಿ.

ಅಡಿಕೆಗೆ ಮದ್ದು ಬಿಡುವಾಗ ಕಣ್ಣಿಗೆ ಬಿತ್ತು. ನೀರು ಹಾಕಿದ್ರೆ ಸಾಕಾ?

ನೀರೇ ಮದ್ದು, ಆದ್ರೆ ಎರಡು ಸಲ ಮುಖ ತೊಳೆದದ್ದು ನೀರು ಹಾಕಿದ್ದು ಅಂತ ಆಗುದಿಲ್ಲ. ಅಡಿಕೆಗೆ ಬಿಡುವ ಬೋರ್ಡೋ ಮದ್ದು ಅಂದ್ರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಬೆರೆಸಿದ ಮೇಲಿನದ್ದಕ್ಕಿಂತ, ಬೆರೆಸುವ ಮೊದಲಿನ ಸುಣ್ಣ ಅಪಾಯ. ಆಸಿಡ್ ಬಿದ್ರೆ ಕಣ್ಣಿನ ಮೇಲ್ಪದರ ಗಟ್ಟಿಯಾಗಿ ಸ್ವಲ್ಪ ತಡೆ ಆಗ್ತದೆ, ಸುಣ್ಣ, ಸಿಮೆಂಟು, ಕಾಸ್ಟಿಕ್ ಸೋಡ ಹಾಗಲ್ಲ, ಕರಗಿಸ್ತಾ ಕರಗಿಸ್ತಾ ಒಳಗೆ ಹೋಗ್ತಾ ಇರ್ತದೆ, ಉರಿ ಕಮ್ಮಿಯಾದ್ರೂ ಅದ್ರ ಕೆಲಸ ನಿಂತಿರುದಿಲ್ಲ.

ಹಾಗಾಗಿ ಗಡಿಯಾರ ನೋಡಿ 30 ನಿಮಿಷ. ರೆಪ್ಪೆ ಬೆರಳಲ್ಲಿ ಬಿಡಿಸಿ ಹಿಡೀಬೇಕು, ಇನ್ನೊಬ್ಬ ಮೂಗಿನ ಕಡೆಯಿಂದ ಕಿವಿ ಕಡೆಗೆ ನೀರು ಹರಿಸ್ಬೇಕು, ಇಲ್ಲಾಂದ್ರೆ ಒಳ್ಳೇ ಕಣ್ಣಿಗೂ ಹೋಗ್ತದೆ. ರೆಪ್ಪೆ ಅಡಿ ಸುಣ್ಣದ ಕಾಳು ಕೂತಿದ್ರೆ ಒದ್ದೆ ಬಟ್ಟೆಯ ತುದಿಯಲ್ಲಿ ಮೆಲ್ಲ ತೆಗೀರಿ. ಆಮೇಲೆ ಕಣ್ಣಿನ ಡಾಕ್ಟ್ರ ಹತ್ರ, ಸುಣ್ಣದ ಪ್ಯಾಕೆಟ್ಟು ಒಟ್ಟಿಗೆ ಹಿಡ್ಕೊಂಡು. ಸುಣ್ಣಕ್ಕೆ ಹುಳಿ ಮದ್ದೂಂತ ಲಿಂಬೆ ಹಿಂಡಿದವರನ್ನ ನಾನು ಕೇಳಿದ್ದೇನೆ, ದಯವಿಟ್ಟು ಬೇಡ. ನಂದಿಬಟ್ಟಲು, ಎದೆಹಾಲು ಯಾವುದೂ ಬೇಡ. ತೋಟಕ್ಕೆ ಹೋಗುವಾಗ ಬುತ್ತಿಯೊಟ್ಟಿಗೆ ಒಂದು ಕ್ಯಾನು ಶುದ್ಧ ನೀರು ಹೋಗ್ಲಿ, ಕಣ್ಣಿಗೆ ಬಿದ್ದ ಮೇಲೆ ಕೆರೆಗೆ ಓಡ್ಲಿಕ್ಕಾಗುದಿಲ್ಲ. ಇನ್ವರ್ಟರ್ ಬ್ಯಾಟರಿ, ಗೇರುಬೀಜದ ಸಿಪ್ಪೆ ಎಣ್ಣೆ ಕಣ್ಣಿಗೆ ಹಾರಿದ್ರೂ ಇದೇ ನೀರು.

ಉಳಿ ಹೊಡೆಯುವಾಗ ಎಂತೋ ಹಾರಿತು, ನೋವು ಜಾಸ್ತಿ ಇಲ್ಲ. ಬಿಡ್ಬಹುದಾ?

ಬಿಡ್ಲಿಕ್ಕಿಲ್ಲ. ಕಾರ್ಕಳದ ಶಿಲ್ಪದ ಕೆಲಸ ಇರ್ಲಿ, ಗೋಡೆ ಒಡೆಯುವ ಕೆಲಸ ಇರ್ಲಿ, ಉಳಿಯ ತಲೆ ಹೊಡೆದು ಹೊಡೆದು ಅಣಬೆ ಹಾಗೆ ಅಗಲ ಆಗಿರ್ತದೆ, ಅದ್ರ ಅಂಚಿನಿಂದ ಹಾರುವ ಕಬ್ಬಿಣದ ಚೂರು ಎಷ್ಟು ಜೋರಾಗಿ ಬರ್ತದೆಂದ್ರೆ ಕಣ್ಣೊಳಗೆ ಹೋದದ್ದು ಕೂಡ ಗೊತ್ತಾಗುದಿಲ್ಲ. ತೊಳೀಬೇಡಿ, ಉಜ್ಜಬೇಡಿ, ಒತ್ತಿ ಕಟ್ಟಬೇಡಿ. ಒಂದು ಪೇಪರ್ ಕಪ್ಪು ಕವುಚಿ ಟೇಪು ಹಾಕಿ ಕರ್ಕೊಂಡು ಹೋಗಿ. ಡಾಕ್ಟ್ರಿಗೆ "ಕಬ್ಬಿಣ ಹಾರಿದ್ದು" ಅಂತ ಬಾಯಿ ಬಿಟ್ಟು ಹೇಳಿ, ಯಾಕಂದ್ರೆ ಕಬ್ಬಿಣ ಒಳಗಿದ್ದವರಿಗೆ ಎಂಆರ್‌ಐ ಮಾಡಿದ್ರೆ ಅದು ಒಳಗೇ ಎಳೆದು ಕಣ್ಣು ಹಾಳು ಮಾಡ್ತದೆ. ಉಳಿಯ ತಲೆ ಆಗಾಗ ಅರೆದು ಸರಿ ಮಾಡಿ, ಐದು ನಿಮಿಷದ ಕೆಲಸ ಅಷ್ಟೇ.

ವೆಲ್ಡಿಂಗ್ ಮಾಡಿದ ರಾತ್ರಿ ಕಣ್ಣಿಗೆ ಹೊಯ್ಗೆ (ಮರಳು) ಹಾಕಿದ ಹಾಗೆ ಯಾಕೆ ಆಗ್ತದೆ?

ಆರ್ಕಿನ ಅಲ್ಟ್ರಾವಯಲೆಟ್ ಕಿರಣ ಕಣ್ಣಿನ ಮೇಲ್ಪದರ ಸುಟ್ಟದ್ದು. ಆಗ ಗೊತ್ತಾಗುದಿಲ್ಲ, 6ರಿಂದ 12 ಗಂಟೆ ಕಳೆದು ಶುರು, ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ವಾಸಿ ಆಗ್ತದೆ. ವೆಲ್ಡರಿಗಿಂತ ಪಕ್ಕದಲ್ಲಿ ರಾಡು ಹಿಡ್ಕೊಂಡ ಹೆಲ್ಪರಿಗೇ ಇದು ಆಗುದು, ಅವನಿಗೆ ಯಾರೂ ಗ್ಲಾಸು ಕೊಡುದಿಲ್ಲ. ಆರ್ಕಿಗೆ 10ರಿಂದ 13 ನಂಬರಿನ ಗ್ಲಾಸು ಬೇಕು, ಕೂಲಿಂಗ್ ಗ್ಲಾಸು ಸಾಲದು. ಮರಗಟ್ಟಿಸುವ ಡ್ರಾಪ್ಸು ಹುಡುಕಿ ದಿನಾ ಬಿಡ್ಬೇಡಿ, ನೋವು ಹೋಗ್ತದೆ, ಗಾಯ ಒಣಗುದಿಲ್ಲ.

ಪಂಕ್ಚರ್ ಅಂಗಡಿಗೆ ಎಂತ ಹೇಳ್ತೀರಿ?

ಲಾರಿ ಟಯರನ್ನ ರಿಮ್ಮಿಗೆ ಹಿಡಿದಿಡುವ ಲಾಕ್ ರಿಂಗು ಸರಿ ಕೂರದೆ ಗಾಳಿ ಹಾಕಿದ್ರೆ ಅದು ಗುಂಡಿನ ಹಾಗೆ ಹಾರ್ತದೆ. ಕಬ್ಬಿಣದ ಕೇಜಿನೊಳಗೆ ಇಟ್ಟು, ಉದ್ದದ ಪೈಪಿಂದ, ಬದಿಗೆ ನಿಂತು ಗಾಳಿ ಹಾಕಿ. ರಿಂಗಿಗೆ ಸುತ್ತಿಗೆಯಲ್ಲಿ ಬಡಿಯುದು ಗಾಳಿ ಪೂರ್ತಿ ತೆಗ್ದ ಮೇಲೆ ಮಾತ್ರ.

ತಲೆಗೆ ಪೆಟ್ಟಾಯ್ತು, ಎದ್ದು ಕೂತ, ನೀರು ಕುಡ್ದ, ಈಗ ಸರಿ ಉಂಟು ಅಂತಾನೆ. ಮನೆಗೆ ಕಳಿಸ್ಬಹುದಾ?

ನನ್ನ ಹತ್ರ ಕೇಳುವ ಪ್ರಶ್ನೆಗಳಲ್ಲಿ ನನಗೆ ಹೆದ್ರಿಕೆ ಹುಟ್ಟಿಸುದು ಇದೇ. ತಲೆಬುರುಡೆಗೂ ಮೆದುಳಿನ ಹೊದಿಕೆಗೂ ಮಧ್ಯೆ ರಕ್ತನಾಳ ಹರಿದ್ರೆ ಮನುಷ್ಯ ಮೊದ್ಲು ಎಚ್ಚರ ತಪ್ತಾನೆ, ಆಮೇಲೆ ಎದ್ದು ಮಾತಾಡ್ತಾನೆ, ಚಾ ಕುಡೀತಾನೆ, ಒಂದೆರಡು ಗಂಟೆ ಬಿಟ್ಟು ಬೀಳ್ತಾನೆ. ಆ ಮಧ್ಯದ ಒಳ್ಳೇ ಹೊತ್ತೇ ಮೋಸ ಮಾಡುದು.

ಎಚ್ಚರ ತಪ್ಪಿದ್ರೆ, ಅರೆ ನಿಮಿಷ ಆದ್ರೂ ಸರಿ, ಆಸ್ಪತ್ರೆಗೆ. ಎತ್ತರದಿಂದ ಬಿದ್ದದ್ದಾದ್ರೂ ಹಾಗೇ. ಪುನಃ ಪುನಃ ವಾಂತಿ, ಏರ್ತಾ ಹೋಗುವ ತಲೆನೋವು, ಕೇಳಿದ್ದನ್ನೇ ಕೇಳುದು, ಎಬ್ಬಿಸಿದ್ರೂ ಏಳದ ನಿದ್ರೆ, ಒಂದು ಕೈ ಕಾಲಿಗೆ ಶಕ್ತಿ ಇಲ್ಲದ್ದು, ಎರಡು ಕಣ್ಣಿನ ಪಾಪೆ ಬೇರೆ ಬೇರೆ ಸೈಜು, ಫಿಟ್ಸು, ಮೂಗಿಂದ ಕಿವಿಯಿಂದ ನೀರಿನ ಹಾಗಿದ್ದದ್ದು ಬರುದು, ಕಣ್ಣಿನ ಸುತ್ತ ಅಥವಾ ಕಿವಿ ಹಿಂದೆ ಕಪ್ಪಾಗುದು, ಇದ್ರಲ್ಲಿ ಒಂದಿದ್ರೂ 108ಕ್ಕೆ ಫೋನು. ಸಿಟಿ ಸ್ಕ್ಯಾನ್ ಇರುವಲ್ಲಿಗೇ ಹೋಗಿ, ಎರಡು ಕಡೆ ಸುತ್ತಿ ಹೊತ್ತು ಕಳೀಬೇಡಿ. ಎತ್ತರದಿಂದ ಬಿದ್ದವನನ್ನ ನಾಲ್ಕು ಜನ ಕೈಕಾಲು ಹಿಡಿದು ರಿಕ್ಷಾದೊಳಗೆ ಮಡಚಿ ಹಾಕ್ಬೇಡಿ, ಕುತ್ತಿಗೆ ಮುರಿದಿದ್ರೆ ಜೀವನಪೂರ್ತಿ ಮಲಗಿದಲ್ಲೇ ಬಾಕಿ. ಹೆಲ್ಮೆಟ್ ಎಳ್ದು ತೆಗೀಬೇಡಿ, ನೀರು ಕುಡಿಸ್ಬೇಡಿ.

ಡಾಕ್ಟ್ರು ನೋಡಿ ಮನೆಗೆ ಕಳಿಸಿದ್ರೆ ಮಲಗ್ಲಿಕ್ಕೆ ತೊಂದ್ರೆ ಇಲ್ಲ, ಆದ್ರೆ 24 ಗಂಟೆ ಒಬ್ಬನೇ ಇರ್ಬಾರದು. ರೂಮಲ್ಲಿ ಆರು ಜನ ಇದ್ದು ಎಲ್ಲರೂ ನೈಟ್ ಶಿಫ್ಟಿಗೆ ಹೋದ್ರೆ ಅದು ಒಬ್ಬನೇ ಇದ್ದ ಹಾಗೇ ಲೆಕ್ಕ. ಆ ದಿನ ಡ್ರಿಂಕ್ಸ್ ಬೇಡವೇ ಬೇಡ, ಅಮಲಿನ ತೂಕಡಿಕೆಗೂ ಮೆದುಳಿನ ತೂಕಡಿಕೆಗೂ ವ್ಯತ್ಯಾಸ ಯಾರಿಗೂ ಗೊತ್ತಾಗುದಿಲ್ಲ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವ್ರು, ವಯಸ್ಸಾದವ್ರು ಸಣ್ಣ ಪೆಟ್ಟಿಗೂ ತೋರಿಸ್ಬೇಕು, ಅವರಿಗೆ ವಾರಗಟ್ಟಲೆ ಕಳೆದು ನಿಧಾನ ರಕ್ತ ತುಂಬಿಕೊಳ್ಳುದುಂಟು.

ಮೂಗು, ಹಲ್ಲು, ದವಡೆ?

ಮೂಗಲ್ಲಿ ರಕ್ತ ಬಂದ್ರೆ ತಲೆ ಹಿಂದೆ ಮಾಡ್ಬೇಡಿ, ಮುಂದೆ ಬಗ್ಗಿ ಮೆತ್ತಗಿನ ಭಾಗ 10-15 ನಿಮಿಷ ಒತ್ತಿ ಹಿಡೀರಿ. ಒಳಗೆ ಮಧ್ಯದ ಗೋಡೆ ಊದಿ ಮೂಗು ಕಟ್ಟಿದ್ರೆ ಅದೇ ದಿನ ತೋರಿಸಿ. ಹಲ್ಲು ಪೂರ್ತಿ ಬಂದಿದ್ರೆ ಬೇರು ಮುಟ್ಟದೆ ಹಾಲಲ್ಲಿ ಹಾಕಿ, ಗಂಟೆಯೊಳಗೆ ಹಲ್ಲಿನ ಡಾಕ್ಟ್ರ ಹತ್ರ ಮುಟ್ಟಿದ್ರೆ ಕೂರಿಸುವ ಛಾನ್ಸುಂಟು. ಹಲ್ಲು ಮೇಲೆ ಕೆಳಗೆ ಮೊದ್ಲಿನ ಹಾಗೆ ಕೂರದಿದ್ರೆ, ತುಟಿ ಜೋಮು ಹಿಡಿದಿದ್ರೆ ದವಡೆ ಮುರ್ದಿರ್ಬಹುದು. ಒಂದು ಎರಡಾಗಿ ಕಂಡ್ರೆ ಕಣ್ಣಿನ ಗುಳಿಯ ಮೂಳೆ.

ಮಾಲಕರು "ಬೈಕಿಂದ ಬಿದ್ದದ್ದೂಂತ ಹೇಳು, ಖರ್ಚು ನಾವು ನೋಡ್ತೇವೆ" ಅಂತಾರೆ.

ಹೇಳ್ಬೇಡಿ. ಖರ್ಚು ನೋಡುವ ಮಾತು ಮೊದಲ ಬಿಲ್ಲಿನವರೆಗೆ. ಆಸ್ಪತ್ರೆಯ ರೆಕಾರ್ಡಲ್ಲಿ ಬೈಕು ಅಂತ ಬರೆದ ಮೇಲೆ ಅದನ್ನ ತಿದ್ಲಿಕ್ಕೆ ವರ್ಷಗಟ್ಟಲೆ ಓಡ್ಬೇಕು. ಸಂಬಳ ತಿಂಗಳಿಗೆ 21,000ದ ಒಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ರೆ, ಕೆಲಸಕ್ಕೆ ಸೇರಿದ ಮೊದಲ ದಿನದ ಪೆಟ್ಟಿಗೂ ಅನ್ವಯ ಆಗ್ತದೆ, ಕೆಲಸ ಮಾಡ್ಲಿಕ್ಕಾಗದಷ್ಟು ದಿನ ಸಂಬಳದ 90 ಶೇಕಡ ಬರ್ತದೆ. ಇಎಸ್‌ಐ ಇಲ್ಲದವರಿಗೆ 1923ರಿಂದ ಇರುವ ಕಾರ್ಮಿಕ ಪರಿಹಾರದ ಕಾನೂನು, ಅದನ್ನೀಗ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿಸಿದ್ದಾರೆ. ಆ 1923ರ ಪಟ್ಟಿಯಲ್ಲಿ ಒಂದು ಕಣ್ಣು ಹೋದ್ರೆ, ಇನ್ನೊಂದು ಸರಿ ಇದ್ರೂ, ದುಡಿಯುವ ಶಕ್ತಿಯ 40 ಶೇಕಡ ಹೋಯ್ತು ಅಂತ ಲೆಕ್ಕ, ಮುಖ ತೀರಾ ವಿಕಾರ ಆದ್ರೆ 100 ಶೇಕಡ. ಅರ್ಜಿ ಎರಡು ವರ್ಷದೊಳಗೆ ಹಾಕ್ಬೇಕು. ಕೊಟ್ಟ ಸೇಫ್ಟಿ ಸಾಮಾನು ಬೇಕೂಂತ್ಲೇ ತೆಗ್ದಿಟ್ಟದ್ದು ಅಂತ ತೋರಿಸಿ ಮಾಲಕರು ತಪ್ಪಿಸ್ಕೊಳ್ಳುದುಂಟು, ಆದ್ರೆ ಜೀವ ಹೋದ್ರೆ ಅಥವಾ ಪೂರ್ತಿ ಅಂಗವಿಕಲ ಆದ್ರೆ ಆ ನೆವ ನಡೀದಿಲ್ಲ.

ಕಟ್ಟಡ ಕೆಲಸದವ್ರು ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿ, 18ರಿಂದ 60 ವರ್ಷದೊಳಗೆ, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ರೆ ಸಿಗ್ತದೆ. ಹೊರ ರಾಜ್ಯದ ಹುಡುಗರಿಗೂ ಹೇಳಿ, ಅವರಿಗೆ ಇದು ಗೊತ್ತೇ ಇರುದಿಲ್ಲ.

ಸ್ಕ್ಯಾನ್ ನಾರ್ಮಲ್. ನಾಳೆ ಕೆಲಸಕ್ಕೆ ಹೋಗ್ಬಹುದಾ?

ಸ್ಕ್ಯಾನ್ ನಾರ್ಮಲ್ ಅಂದ್ರೆ ರಕ್ತ ಇಲ್ಲ, ಮೂಳೆ ಮುರೀಲಿಲ್ಲ ಅಂತ. ಮೆದುಳು ಅಲುಗಾಡಿದ್ದು ಸ್ಕ್ಯಾನಲ್ಲಿ ಕಾಣುದಿಲ್ಲ. ತಲೆ ತಿರುಗುದು, ಬೆಳಕು ಸದ್ದು ತಡೆಯದ್ದು, ಮರೆವು, ಸಿಟ್ಟು ಕೆಲವು ವಾರ ಇರ್ಬಹುದು. ಅದು ಹೋಗುವವರೆಗೆ ಏಣಿ, ಬೋಟು, ಕ್ರೇನು, ಡ್ರೈವಿಂಗು ಬೇಡ, ನೆಲದ ಮೇಲಿನ ಹಗುರ ಕೆಲಸ ಕೇಳಿ. ವಾಸಿ ಆಗುವ ಮೊದ್ಲು ಎರಡನೇ ಪೆಟ್ಟು ಬಿದ್ರೆ ಕಥೆ ಬೇರೆಯೇ.

ಪೆಟ್ಟು ಬಿದ್ದ ಹೆಲ್ಮೆಟ್ ಎಂತ ಮಾಡುದು?

ಒಳಗಿನ ಪಟ್ಟಿ ಕತ್ತರಿಸಿ, ನೆತ್ತಿಗೆ ಡ್ರಿಲ್ಲಲ್ಲಿ ತೂತು ಹೊಡೀರಿ, ಇಲ್ಲಾಂದ್ರೆ ಹೊಸತಾಗಿ ಬಂದ ಹುಡುಗನ ತಲೆ ಮೇಲೆ ನಾಳೆ ಅದೇ ಇರ್ತದೆ. ನಮ್ಮ ವಾಚ್‌ಮ್ಯಾನ್ ಅಂಥ ಮೂರಕ್ಕೆ ಮಣ್ಣು ತುಂಬಿಸಿ ಬಸಳೆ ನೆಟ್ಟಿದ್ದಾರೆ, ನೀರು ಇಳೀಲಿಕ್ಕೆ ತೂತು ಹೇಗೂ ಉಂಟಲ್ಲ.